ಮರುವಾಯಿ ಹೆಕ್ಕಲು ಹೋದ ಭಾನುವಾರ

ಹೇಳಬೇಕಾದುದನ್ನು ಕ್ರಮವಾಗಿ ಹೇಳುವ ಶಕ್ತಿ ನನಗಿದೆಯೇ ಎಂಬ ಸಂಶಯದೊಂದಿಗೇ ಈ ಬರಹವನ್ನು ಆರಂಭಿಸುತ್ತಿದ್ದೇನೆ. ನಾನು ಇಷ್ಟು ವರ್ಷ ಬರೆದಿರುವುದೆಲ್ಲ ಕಚೇರಿಯ ಪತ್ರಗಳನ್ನು. ಅಲ್ಲಿ ವಿಷಯ, ಉಲ್ಲೇಖ, ವಂದನೆಗಳು ತಮ್ಮ ತಮ್ಮ ಜಾಗದಲ್ಲಿ ಕುಳಿತಿದ್ದರೆ ಯಾರೂ ತಪ್ಪು ಹಿಡಿಯುವುದಿಲ್ಲ. ಇಲ್ಲಿ ಅಂತಹ ಆಸರೆಯಿಲ್ಲ. ಮಾತು ಹಿಂದುಮುಂದಾದರೆ, ಅಥವಾ ಅಡುಗೆಯ ಕಡೆಗೆ ಅಗತ್ಯಕ್ಕಿಂತ ಹೆಚ್ಚು ಹೊರಳಿದರೆ, ಓದುವವರು ಮನ್ನಿಸಬೇಕೆಂದು ವಿನಂತಿಸುತ್ತೇನೆ.

ಕಳೆದ ವಾರ ಕಾರಿನ ಹಿಂದಿನ ಸೀಟಿನ ಅಡಿಯನ್ನು ಗುಡಿಸುವಾಗ ಮರುವಾಯಿಯ ಒಂದು ಚಿಪ್ಪು ಸಿಕ್ಕಿತು. ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದು; ಹೊರಗೆ ಬೂದು ಬಣ್ಣದ ಗೆರೆಗಳು, ಒಳಗೆ ಹಾಲಿನ ಬಿಳುಪು. ಹೊಳೆಯ ಮರಳಿನಲ್ಲಿ ಹುದುಗಿರುವ ಈ ಕಪ್ಪೆಚಿಪ್ಪಿನ ಸುಕ್ಕಾ ಒಮ್ಮೆ ಉಂಡವರಿಗೆ ಅದನ್ನು ಕಂಡೊಡನೆ ಬಾಯಲ್ಲಿ ನೀರೂರಬೇಕು. ನನಗೆ ಮಾತ್ರ ಅಂಗೈ ಬೆವರಿತು. ಚಿಪ್ಪನ್ನು ಕಸದ ಬುಟ್ಟಿಗೆ ಹಾಕಿದೆ, ಮತ್ತೆ ತೆಗೆದೆ, ಮತ್ತೆ ಹಾಕಿದೆ. ಕೊನೆಗೆ ಮಗಳು ಕಾಣುವ ಮೊದಲೇ ತೆಂಗಿನ ಬುಡಕ್ಕೆ ಎಸೆದು ಬಂದು ಕೈ ತೊಳೆದುಕೊಂಡೆ.

ಭಯವು ನನಗೆ ಹೊಸತಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಕುಕ್ಕರಿನ ಮೂರನೆಯ ಸೀಟಿ ತಡವಾದರೆ ನಾನು ಅಡುಗೆಮನೆಯ ಬಾಗಿಲಿನ ಹಿಂದೆ ನಿಲ್ಲುತ್ತೇನೆ. ಕಚೇರಿಯಲ್ಲಿ ಮೇಲಧಿಕಾರಿ ಹೆಸರು ಕರೆದರೆ, ಎದ್ದು ಹೋಗುವಷ್ಟರಲ್ಲಿ ಮಾಡಿರಬಹುದಾದ ತಪ್ಪುಗಳೆಲ್ಲ ನೆನಪಾಗಿರುತ್ತವೆ. ಎಲ್ಲಕ್ಕಿಂತ ನಾಚಿಕೆಯ ಸಂಗತಿಯೆಂದರೆ, ಕುಂದಾಪುರದಲ್ಲಿ ಹುಟ್ಟಿ ಬೆಳೆದ ನನಗೆ ಮೀನಿನ ಮುಳ್ಳೆಂದರೆ ಭಯ. ಮೂವತ್ತಾರು ವರ್ಷದ ಮಗಳಿಗೆ ಈಗಲೂ ಅಮ್ಮನೇ ಮುಳ್ಳು ಬಿಡಿಸಿ ಅನ್ನದ ಬದಿಗೆ ಇಡುತ್ತಾಳೆ. ಮರುವಾಯಿಯ ಮೇಲೆ ನನಗೆ ಪ್ರೀತಿ ಹುಟ್ಟಲು ಇದೇ ಕಾರಣವಿರಬೇಕು, ಅದರಲ್ಲಿ ಮುಳ್ಳಿಲ್ಲ.

ಅಮ್ಮನ ತವರು ಬ್ರಹ್ಮಾವರದ ಸಮೀಪ, ಹೊಳೆಯ ಬದಿಯಲ್ಲೇ. ಶರದೃತು ಎಂದು ನಾನು ಶಾಲೆಯ ಪುಸ್ತಕದಲ್ಲಿ ಓದಿದ್ದನ್ನು ನಮ್ಮ ಮನೆಯಲ್ಲಿ ಯಾರೂ ಆ ಹೆಸರಿನಿಂದ ಕರೆದದ್ದಿಲ್ಲ. ಅಮ್ಮನ ಪಾಲಿಗೆ ಅದು ಹೊಳೆಯ ನೀರು ಪುನಃ ಉಪ್ಪಾಗುವ ಕಾಲ. ಮಳೆಗಾಲದ ಕೆಂಪು ನೀರು ಇಳಿದು, ಕೊಯ್ಲು ಮುಗಿದು, ಕಾರ್ತಿಕದ ಬಿಸಿಲು ಬಿದ್ದಾಗ ಮರುವಾಯಿಗೆ ರುಚಿ ಹತ್ತುತ್ತದೆ ಎಂದು ಅವಳು ಹೇಳುತ್ತಿದ್ದಳು. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಯಾವ ಪಾತ್ರೆಯೂ ಸುಮ್ಮನೆ ಕುಳಿತಿರುತ್ತಿರಲಿಲ್ಲ. ಹೊಸ ಅಕ್ಕಿಯ ಗಂಜಿ, ಒಣಗುವ ಮುನ್ನ ಕಿತ್ತ ಅರಶಿನ ಎಲೆಯ ಕಡುಬು, ಜಂತಿಗೆ ಕಟ್ಟಿ ತೂಗುಹಾಕಿದ್ದ ಕಡೆಯ ಸೌತೆಕಾಯಿಯ ಹುಳಿ. ಮರುವಾಯಿಯನ್ನು ರಾತ್ರಿಯಿಡೀ ನೀರಿನಲ್ಲಿಟ್ಟರೆ ಅದು ತಾನಾಗಿ ಮರಳನ್ನು ಉಗುಳುತ್ತದೆ. ಬೆಳಿಗ್ಗೆ ಅಮ್ಮ ಮೆಟ್ಟುಕತ್ತಿಯ ಮುಂದೆ ಕುಳಿತು ಒಂದೊಂದನ್ನೇ ಬಿಡಿಸುತ್ತಿದ್ದಳು. ಆ ಸದ್ದಿಗೆ ನನಗೆ ಎಚ್ಚರವಾಗುತ್ತಿತ್ತು. ಹುರಿದ ಕೊತ್ತಂಬರಿ, ಮೆಣಸು, ಕಾಯಿತುರಿ, ಕಡೆಗೆ ತೆಂಗಿನೆಣ್ಣೆಯ ಒಗ್ಗರಣೆ. ನಾನು ಹೇಳಿದ್ದೆನಲ್ಲ, ಅಡುಗೆಯ ಕಡೆಗೆ ಹೊರಳುತ್ತೇನೆಂದು.

ಅಪ್ಪ ಮುಂಬೈಯ ಹೋಟೆಲೊಂದರಲ್ಲಿದ್ದ. ಅಮ್ಮನಿಗೆ ಓದು ಬರುತ್ತಿರಲಿಲ್ಲವಾದ್ದರಿಂದ ಅವನ ಪತ್ರಗಳನ್ನು ಎಂಟನೆಯ ವಯಸ್ಸಿನಿಂದ ನಾನೇ ಓದಿ ಹೇಳುತ್ತಿದ್ದೆ. ಕ್ರಮೇಣ ನೆರೆಮನೆಯವರ ಪತ್ರ, ಔಷಧಿಯ ಬಾಟಲಿ, ರೇಷನ್ ಕಾರ್ಡು, ಮದುವೆಯ ಕಾಗದ ಎಲ್ಲವೂ ನನ್ನ ಕೈಗೇ ಬರತೊಡಗಿದವು. ನಮ್ಮ ವಂಶದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗಳು. ಇದನ್ನು ಹೆಮ್ಮೆಯಿಂದ ಬರೆಯಬೇಕೆಂದು ಕುಳಿತಿದ್ದೆ. ಆದರೆ ಬಿ.ಕಾಂ. ಆಗುವುದಕ್ಕೆ ಬಹಳ ಮೊದಲೇ ನನಗೆ ತಿಳಿದಿದ್ದ ಇನ್ನೊಂದು ಸಂಗತಿಯಿದೆ: ನಾನು ಏನನ್ನು ಓದಿ ಹೇಳಿದರೂ ನಮ್ಮವರು ನಂಬುತ್ತಾರೆ.

ಹತ್ತು ವರ್ಷದವಳಿದ್ದಾಗ ಬಸ್ರೂರಿನಲ್ಲಿ ಹೆಣ್ಣು ನೋಡುವ ಶಾಸ್ತ್ರಕ್ಕೆ ಹೊರಟಿದ್ದ ಏಳು ಜನರನ್ನು ಬಸ್ಸಿನ ಬೋರ್ಡು ಓದಿ ಹತ್ತಿಸುವ ಜವಾಬ್ದಾರಿ ನನಗೆ ಬಂದಿತು. ಗಡಿಬಿಡಿಯಲ್ಲಿ ಮೊದಲಕ್ಷರವೊಂದನ್ನೇ ನೋಡಿ ಎಲ್ಲರನ್ನೂ ಹತ್ತಿಸಿದೆ. ಬಸ್ಸು ಬಡಗು ದಿಕ್ಕಿಗೆ ಓಡಿ ಬೈಂದೂರಿನಲ್ಲಿ ನಿಂತಿತು. ಹೂವಿನ ಪೊಟ್ಟಣ, ಹಣ್ಣಿನ ಚೀಲ ಹಿಡಿದು ಇಳಿದ ಹಿರಿಯರಲ್ಲಿ ಒಬ್ಬರೂ ನನ್ನನ್ನು ಬೈಯಲಿಲ್ಲ. ಬಸ್ಸಿನವರೇ ದಾರಿ ತಪ್ಪಿಸಿದರೆಂದು ಮಾತನಾಡಿಕೊಂಡು, ಅಲ್ಲೇ ಬನ್ಸ್ ತಿಂದು, ಇನ್ನೊಂದು ಬಸ್ಸಿಗೆ ಕಾದರು. ನಾನು ಬನ್ಸಿನ ಹಿಂದೆ ಮುಖ ಮರೆಸಿಕೊಂಡು ಸುಮ್ಮನಿದ್ದೆ. ಬೈದಿದ್ದರೆ ಒಳ್ಳೆಯದಿತ್ತು ಎಂದು ಈಗ ಅನಿಸುತ್ತದೆ. ಮುಂದೆ ನನಗೆ ಬೈಂದೂರಿನ ಗಂಡನೇ ಸಿಕ್ಕಿದ್ದರಿಂದ ಈ ಕತೆ ನಮ್ಮ ಮನೆಯಲ್ಲಿ ನಗೆಗೆ ವಸ್ತುವಾಗಿದೆ. ಬೋರ್ಡು ನಾನು ಸರಿಯಾಗಿಯೇ ಓದಿದ್ದೆನೆಂದು ಸುಧಾಕರ್ ವಾದಿಸುತ್ತಾರೆ.

ಈಗ ಆ ಭಾನುವಾರಕ್ಕೆ ಬರುತ್ತೇನೆ. ಎರಡು ವರ್ಷಗಳ ಹಿಂದಿನ ಕಾರ್ತಿಕ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಕುಂದಾಪುರದಲ್ಲಿ ನಮ್ಮೊಂದಿಗೇ ಇದ್ದಾಳೆ. ಮಳೆ ನಿಂತ ಮೇಲಿನ ಭಾನುವಾರಗಳಲ್ಲಿ ನಾವು ನಾಲ್ವರೂ ಎಲ್ಲಿಗಾದರೂ ಹೊರಡುವುದು ರೂಢಿ. ಕುಂಭಾಶಿಗೆ ಹೋಗಿ ಆನೆಗುಡ್ಡೆಯಲ್ಲಿ ಕೈಮುಗಿದು, ಕೋಟದಲ್ಲಿ ಗೋಳಿಬಜೆ ತಿಂದು ಬಂದರೆ ನನಗೆ ಸಾಕು. ಆ ದಿನ ಮಾತ್ರ ಅಮ್ಮ ತವರಿನ ಹೊಳೆಯನ್ನು ಬಯಸಿದಳು. ಆರು ವರ್ಷದ ಮೊಮ್ಮಗಳು ಅನ್ವಿಗೆ ಮರುವಾಯಿ ಹೆಕ್ಕುವುದನ್ನು ತೋರಿಸಬೇಕು ಎಂದಳು.

ಹೊಳೆಗೆ ಹೋಗುವವರು ಮೊದಲು ಕೇಳುವುದು ತಿಥಿಯನ್ನು. ಅಮಾವಾಸ್ಯೆಯಿಂದ, ಹುಣ್ಣಿಮೆಯಿಂದ ಒಂದೊಂದು ತಿಥಿ ದಾಟಿದಂತೆ ನೀರಿನ ಏರಿಳಿತ ಎರಡೆರಡು ಗಳಿಗೆ, ಎಂದರೆ ಸುಮಾರು ಮುಕ್ಕಾಲು ಗಂಟೆ, ತಡವಾಗುತ್ತದೆ. ಅಮ್ಮ ಇದನ್ನು ಬೆರಳಿನ ಗೆಣ್ಣುಗಳ ಮೇಲೆ ಎಣಿಸಿ, ನೀರು ಯಾವ ಹೊತ್ತಿಗೆ ತಿರುಗುತ್ತದೆಂದು ಹೇಳಬಲ್ಲಳು. ಬೆಳಿಗ್ಗೆ ದೋಸೆ ಹೊಯ್ಯುತ್ತಿದ್ದ ನನ್ನನ್ನು ಅವಳು ಎಂದಿನಂತೆ ಕೇಳಿದಳು.

"ಹೆಣೆ, ಇವತ್ತ್ ಎಷ್ಟನೇ ತಿಥಿ ಕಾಣ್."

ನಾನು ಕಾವಲಿಯ ಮೇಲೊಂದು ಕಣ್ಣಿಟ್ಟು ಗೋಡೆಯ ಕ್ಯಾಲೆಂಡರಿನ ಕಡೆಗೆ ತಿರುಗಿ, ಹದಿನಾಲ್ಕು, ಚತುರ್ದಶಿ ಎಂದೆ.

ಅಮ್ಮನ ಹೆಬ್ಬೆರಳು ಗೆಣ್ಣಿನ ಮೇಲೆ ನಿಂತಿತು. "ಹದ್ನಾಲ್ಕಾ? ಅಮಾಸಿಗೆ ಇನ್ನೂ ಮೂರ್ ದಿನ ಇತ್ತ್ ಅಂದ್ಹೇಳಿ ನಾ ಇದ್ದದ್ದ್."

"ಕ್ಯಾಲೆಂಡರಂಗೆ ಬರ್ದದ್ದೇ ನಾ ಹೇಳುದ್," ಎಂದೆ. ಸ್ವರದಲ್ಲಿ ಸ್ವಲ್ಪ ಅಸಹನೆಯೂ ಇದ್ದಿರಬೇಕು.

"ಹಾಂಗಾರೆ ಸೈ. ನಾಕ್ ಗಂಟಿ ತನಕ ನೀರ್ ಇಳುದೇ," ಎಂದು ಅಮ್ಮ ಎಣಿಕೆಯನ್ನು ಹೊಸದಾಗಿ ಮಾಡಿದಳು.

ಮಧ್ಯಾಹ್ನ ಎರಡರ ಹೊತ್ತಿಗೆ ಹೊಳೆಯ ದಡ ಸೇರಿದೆವು. ದಡಕ್ಕೂ ನಡುವಿನ ಮರಳ ದಿಬ್ಬಕ್ಕೂ ನಡುವೆ ಸುಮಾರು ಇಪ್ಪತ್ತು ಮಾರು ಅಗಲದ ನೀರು, ಮೊಣಕಾಲಿನಷ್ಟು ಆಳ. ಅಮ್ಮ ಸೀರೆಯನ್ನು ಮೇಲೆ ಕಟ್ಟಿ, ಪ್ಲಾಸ್ಟಿಕ್ ಟಬ್ಬಿನ ಕಿವಿಗೆ ಹಗ್ಗ ಹಾಕಿ ಅದನ್ನು ಸೊಂಟಕ್ಕೆ ಬಿಗಿದು, ಮೊಮ್ಮಗಳ ಕೈ ಹಿಡಿದು ದಾಟಿ ಹೋದಳು. ಟಬ್ಬು ಸಾಕಿದ ಬಾತುಕೋಳಿಯಂತೆ ಅವಳ ಹಿಂದೆ ತೇಲಿಕೊಂಡು ಹೋಯಿತು. ನನಗೆ ಈಜು ಬಾರದು. ಬೈಂದೂರಿನ ಗುಡ್ಡದ ಬದಿಯಲ್ಲಿ ಬೆಳೆದ ಸುಧಾಕರರಿಗೂ ಬಾರದು. ನಾವಿಬ್ಬರೂ ದಡದಲ್ಲಿ ಮೂರು ಕಲ್ಲು ಹೂಡಿ ಬೆಂಕಿ ಮಾಡತೊಡಗಿದೆವು. ಹೆಕ್ಕಿದ ಮರುವಾಯಿಯಲ್ಲಿ ಮೊದಲ ಹಿಡಿಯನ್ನು ಅಲ್ಲೇ ಉಪ್ಪು ಹಾಕಿ ಬೇಯಿಸಿ, ಮನೆಯಿಂದ ತಂದ ಕಡುಬಿನೊಂದಿಗೆ ತಿನ್ನಬೇಕೆಂಬುದು ಅಮ್ಮನ ತವರಿನ ಪದ್ಧತಿ.

ಅದು ಎಷ್ಟು ಚಂದದ ಮಧ್ಯಾಹ್ನವಾಗಿತ್ತೆಂದರೆ, ನನಗೆ ಆಗಲೇ ಸಂಶಯ ಬರಬೇಕಿತ್ತು. ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ. ಆಚೆ ದಡದ ಉಪ್ಪುನೀರಿನಲ್ಲಿ ಬೆಳೆದ ಕಾಂಡ್ಲಾ ಗಿಡಗಳ ಮೇಲೆ ಬೆಳ್ಳಕ್ಕಿಗಳು ಕುಳಿತಿದ್ದವು. ದಿಬ್ಬದ ಮೇಲೆ ಅಜ್ಜಿ ಮರಳನ್ನು ಕಾಲಿನಿಂದ ತಡಕಿ ಬಗ್ಗುವಳು, ಮೊಮ್ಮಗಳು ಅವಳಿಗಿಂತ ಮೊದಲೇ ಬಗ್ಗುವಳು. ಅನ್ವಿಯ ನಗು ನೀರಿನ ಮೇಲೆ ಜಾರಿಕೊಂಡು ಬಂದು ನಮಗೆ ತಲುಪುತ್ತಿತ್ತು. ಸುಧಾಕರ್ ಒದ್ದೆ ಸೌದೆಯನ್ನು ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡಿದ್ದರು.

ಪಾತ್ರೆ ತೊಳೆಯಲು ನಾನು ನೀರಿನಂಚಿನ ಒಂದು ಕಲ್ಲನ್ನು ಆರಿಸಿಕೊಂಡಿದ್ದೆ. ಮೂರೂಕಾಲಿನ ಹೊತ್ತಿಗೆ ಎರಡನೆಯ ಬಾರಿ ಹೋದಾಗ ಆ ಕಲ್ಲು ಕಾಣಲಿಲ್ಲ. ಹುಡುಕಿದೆ. ಅದು ಒಂದು ಗೇಣು ನೀರಿನ ಅಡಿಯಲ್ಲಿತ್ತು.

ನೀರು ಇನ್ನೂ ಇಳಿಯುತ್ತಿರಬೇಕಾದ ಹೊತ್ತು. ನಾನು ಸೀರೆಗೆ ಕೈ ಒರೆಸಿಕೊಂಡು ಮೊಬೈಲು ತೆಗೆದೆ. ರಜೆಯ ದಿನಗಳಿಗಾಗಿ ಪ್ರತಿ ತಿಂಗಳೂ ಕ್ಯಾಲೆಂಡರಿನ ಹಾಳೆಯ ಫೋಟೋ ತೆಗೆದಿಟ್ಟುಕೊಳ್ಳುವುದು ನನ್ನ ಅಭ್ಯಾಸ. ಆ ಭಾನುವಾರದ ಚೌಕವನ್ನು ಬೆರಳಿನಿಂದ ಹಿಗ್ಗಿಸಿದೆ. ಮೂಲೆಯಲ್ಲಿ ಹದಿನಾಲ್ಕು ಇತ್ತು, ನಿಜ. ಅದರ ಮುಂದೆ 'ವೃಶ್ಚಿಕ' ಎಂದಿತ್ತು. ನಮ್ಮ ಕಡೆಯ ಕ್ಯಾಲೆಂಡರುಗಳಲ್ಲಿ ಸಂಕ್ರಾಂತಿಯಿಂದ ಎಣಿಸುವ ಸೌರಮಾನದ ದಿನವನ್ನೂ ಚಂದ್ರನ ತಿಥಿಯನ್ನೂ ಒಂದೇ ಚೌಕದಲ್ಲಿ ಮುದ್ರಿಸುತ್ತಾರೆ. ನಾನು ಓದಿ ಹೇಳಿದ್ದು ಸೂರ್ಯನ ಲೆಕ್ಕವನ್ನು. ಕೆಳಗೆ ಸಣ್ಣ ಅಕ್ಷರಗಳಲ್ಲಿ 'ಬಹುಳ ದ್ವಾದಶಿ' ಎಂದಿತ್ತು. ಎರಡು ತಿಥಿಗಳ ವ್ಯತ್ಯಾಸ, ಒಂದೂವರೆ ಗಂಟೆ. ನೀರು ಎರಡೂವರೆಗೇ ತಿರುಗಿತ್ತು.

ಇದರ ಮುಂದಿನದನ್ನು ಬರೆಯುವುದು ನನಗೆ ಕಷ್ಟ. ನಾನು ತಕ್ಷಣ ಕೂಗಿಕೊಂಡೆ ಎಂದು ಬರೆದರೆ ಓದುವವರು ನಂಬುತ್ತಾರೆ. ನಾನು ಬರೆದುದನ್ನು ನಂಬುವವರು ಯಾವಾಗಲೂ ಇದ್ದಾರೆ. ನಾನು ಕೂಗಲಿಲ್ಲ. ಮೊಬೈಲನ್ನು ಚೀಲದ ಒಳಗಿಟ್ಟು, ಪಾತ್ರೆಯನ್ನು ಇನ್ನೊಮ್ಮೆ ತೊಳೆದೆ. ಏನು ನೋಡುತ್ತಿದ್ದೆಯೆಂದು ಸುಧಾಕರ್ ಕೇಳಿದಾಗ ಏನಿಲ್ಲ ಎಂದೆ. ದಿಬ್ಬ ಇನ್ನೂ ಒಣಗಿಯೇ ಇದೆಯಲ್ಲ, ಅಮ್ಮನಿಗೆ ತಾನಾಗಿ ತಿಳಿಯುತ್ತದೆ, ಈಗ ಬಂದುಬಿಡುತ್ತಾಳೆ, ಆಗ ಯಾರೂ ತಿಥಿಯ ಮಾತೆತ್ತುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹತ್ತು ನಿಮಿಷ ಇರಬಹುದು, ಹೆಚ್ಚೂ ಇರಬಹುದು. ಮಗಳು ಹೊಳೆಯ ನಡುವೆ ಇದ್ದಾಗ ನಾನು ನನ್ನ ಮರ್ಯಾದೆಗಾಗಿ ಅಷ್ಟು ಹೊತ್ತು ಕಾದೆ.

ದಿಬ್ಬ ಒಣಗಿಯೇ ಇರುತ್ತದೆಂಬುದೇ ಅದರ ಮೋಸ. ಏರುವ ನೀರು ಮೊದಲು ತುಂಬುವುದು ದಿಬ್ಬಕ್ಕೂ ದಡಕ್ಕೂ ನಡುವಿನ ತಗ್ಗನ್ನು. ದಡದಲ್ಲಿ ಬಿಟ್ಟಿದ್ದ ಅನ್ವಿಯ ಚಪ್ಪಲಿಗಳಲ್ಲೊಂದು ಎದ್ದು ತೇಲಿ, ಮೆಲ್ಲಗೆ ತಿರುಗಿ, ಕಡಲಿನ ಕಡೆಗಲ್ಲ, ಹೊಳೆಯ ಮೇಲ್ದಿಕ್ಕಿಗೆ ಹೊರಟಿತು. ಅದನ್ನು ಕಂಡ ಮೇಲೆ ನೀರಿನಂಚಿಗೆ ಓಡಿದೆ. ನೀರು ಬಂತು, ಬನ್ನಿ ಎಂದು ಕೂಗಿದೆ. ಗಾಳಿ ನನ್ನ ಕಡೆಗೇ ಬೀಸುತ್ತಿತ್ತು. ಅಮ್ಮ ತಲೆಯೆತ್ತಿ, ಕಿವಿಗೆ ಕೈಯಿಟ್ಟು, ಮತ್ತೆ ಬಗ್ಗಿದಳು. ಎರಡನೆಯ ಸಲ ಸುಧಾಕರ್ ಕೂಗಿದಾಗ ಅವಳು ನೆಟ್ಟಗೆ ನಿಂತು, ನಮ್ಮನ್ನಲ್ಲ, ನೀರನ್ನು ನೋಡಿದಳು.

ಆಮೇಲೆ ಅವಳು ಒಂದು ಕ್ಷಣವನ್ನೂ ಕಳೆಯಲಿಲ್ಲ. ಟಬ್ಬನ್ನು ಬೋರಲು ಹಾಕಿ ಹೆಕ್ಕಿದ್ದನ್ನೆಲ್ಲ ಸುರಿದಳು. ಖಾಲಿ ಟಬ್ಬನ್ನು ನೀರಿಗೆ ಬಿಟ್ಟು, ಅದರ ಅಂಚನ್ನು ಅನ್ವಿಯ ಎರಡೂ ಕೈಗಳಿಗೆ ಕೊಟ್ಟು, ಮಗುವಿನ ಎದೆಯ ಸುತ್ತ ಹಗ್ಗವನ್ನು ತಂದು ತನ್ನ ಮುಂಗೈಗೆ ಸುತ್ತಿಕೊಂಡಳು. ಸುಧಾಕರ್ ತೊಡೆಯಷ್ಟು ನೀರಿಗೆ ಇಳಿದವರು ಕೆಸರಿನಲ್ಲಿ ಜಾರಿದರು. ನಾನು ಅವರ ಅಂಗಿಯನ್ನು ಹಿಂದಿನಿಂದ ಹಿಡಿದುಕೊಂಡೆ.

"ನೀವ್ ಬಪ್ಪುದ್ ಬ್ಯಾಡ," ಅಮ್ಮನ ಸ್ವರ ಬಂದಿತು. "ಅಲ್ಲೇ ನಿಲ್ಲಿ."

ಹೋಗುವಾಗ ದಾಟಿದ ನೇರ ದಾರಿಯನ್ನು ನಾನು ಕೈಬೀಸಿ ತೋರಿಸಿದೆ. ಅದೇ ಹತ್ತಿರದ ದಾರಿ. ಇತ್ಲಾಗೆ, ಅಮ್ಮಾ, ಇತ್ಲಾಗೆ ಎಂದು ಕೂಗುತ್ತಲೇ ಇದ್ದೆ. ಅಮ್ಮ ನನ್ನ ಮಾತನ್ನು ಕೇಳಲಿಲ್ಲ. ನನ್ನ ಜೀವಮಾನದಲ್ಲಿ ಅವಳು ನನ್ನ ಮಾತನ್ನು ಕೇಳದೆ ಹೋದದ್ದು ಅದೇ ಮೊದಲು. ಅವಳು ಮೇಲ್ದಿಕ್ಕಿಗೆ, ನಮ್ಮಿಂದ ದೂರಕ್ಕೆ, ಓರೆಯಾಗಿ ನಡೆಯತೊಡಗಿದಳು. ಸೊಂಟ ಮುಳುಗಿತು, ಎದೆ ಮುಳುಗಿತು. ಕುತ್ತಿಗೆಯವರೆಗೆ ನೀರಿನಲ್ಲಿದ್ದು ಮೊಮ್ಮಗಳೊಡನೆ ಏನನ್ನೋ ಮಾತನಾಡುತ್ತಿದ್ದಳು. ಒಮ್ಮೆ ಅವಳ ತಲೆ ಕಾಣಿಸಲಿಲ್ಲ. ಟಬ್ಬು ಮತ್ತು ಟಬ್ಬಿಗೆ ಅಂಟಿಕೊಂಡ ಎರಡು ಸಣ್ಣ ಕೈಗಳು ಮಾತ್ರ ಕಾಣುತ್ತಿದ್ದವು. ನಾನು ದೇವರನ್ನು ಕರೆದೆನೆಂದು ಹೇಳಲಾರೆ. ಬಾಯಲ್ಲಿ ಬಂದದ್ದು ಹನ್ನೆರಡು, ಹನ್ನೆರಡು ಎಂಬ ಒಂದೇ ಮಾತು. ಮತ್ತೆ ಅಮ್ಮನ ಬಿಳಿಯ ತಲೆ ಮೇಲೆ ಬಂದಿತು, ಹೆಗಲು ಬಂದಿತು. ಅಲ್ಲಿಂದ ಮುಂದೆ ಗಟ್ಟಿ ನೆಲವಿದ್ದಿರಬೇಕು, ಸೊಂಟ ಕಾಣಿಸಿತು. ನಾವು ದಡದ ಮೇಲೆಯೇ ಓಡಿ, ಸುಮಾರು ಐವತ್ತು ಮಾರು ಆಚೆಗೆ ಅವರಿಬ್ಬರನ್ನೂ ಎಳೆದುಕೊಂಡೆವು.

ನಾನು ತೋರಿಸಿದ ನೇರ ದಾರಿಯ ನಡುವೆ ಈಗ ಕೆಸರಿನ ಗುಂಡಿಯಿದೆ, ಹೋಗುವಾಗಲೇ ಕಾಲಿಗೆ ತಿಳಿದಿತ್ತು ಎಂದು ಅಮ್ಮ ಆಮೇಲೆ ವಿವರಿಸಿದಳು. ಮೊಣಕಾಲು ನೀರಿನಲ್ಲಿ ಅದನ್ನು ಬಳಸಿ ಹೋಗಬಹುದು, ಎದೆಯ ನೀರಿನಲ್ಲಿ ಆಗದು. ಏರುವ ನೀರು ಮೇಲ್ದಿಕ್ಕಿಗೆ ತಳ್ಳುತ್ತದೆ. ಅದರ ಜೊತೆಗೇ ಹೋದರೆ ದಮ್ಮು ಉಳಿಯುತ್ತದೆ.

ಅನ್ವಿ ಮೊದಲು ಕೆಮ್ಮಿದಳು, ಆಮೇಲೆ ಅತ್ತಳು. ಹೆದರಿದ್ದಕ್ಕಲ್ಲ.

"ಅಜ್ಜಿ ಮರ್ವಾಯಿ ಎಲ್ಲ ಚೆಲ್ಲಿ ಬಿಟ್ಲ್," ಎಂದು ತಂದೆಯ ಬಳಿ ದೂರು ಹೇಳಿದಳು.

ನಾವು ಬೆಂಕಿಯ ಸುತ್ತ ಕುಳಿತೆವು. ಅಮ್ಮ ನಡುಗುತ್ತಿದ್ದಳು. ಅವಳ ಸೀರೆಯ ಮಡಿಲಿನಲ್ಲಿ ಎಂಟೋ ಹತ್ತೋ ಮರುವಾಯಿ ಸಿಕ್ಕಿಕೊಂಡಿದ್ದವು. ಸುಧಾಕರ್ ಅವನ್ನು ಉಪ್ಪುನೀರಿಗೆ ಹಾಕಿದರು. ಎಲ್ಲರಿಗೂ ಕಡುಬು ಬಡಿಸಿದೆ. ನನ್ನ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ. ಅಮ್ಮ ತಾನಾಗಿ ಕೇಳಿದ್ದರೆ ಸುಲಭವಾಗುತ್ತಿತ್ತು. ಅವಳು ಕೇಳಲಿಲ್ಲ. ಈ ಸಲ ನೀರು ಯಾಕೋ ಬೇಗ ಏರಿತು, ಕಡಲಿನಲ್ಲಿ ಏನಾದರೂ ಆಗಿರಬೇಕು ಎಂದು ಹೊಳೆಯ ಮೇಲೆಯೇ ತಪ್ಪು ಹೊರಿಸುತ್ತಿದ್ದಳು. ಬೈಂದೂರಿನಲ್ಲಿ ಬಸ್ಸಿನಿಂದ ಇಳಿದ ಆ ಏಳು ಜನರ ಹಾಗೆಯೇ.

"ಅಮ್ಮಾ, ನಾ ತಪ್ಪ್ ಹೇಳಿದ್ದೆ," ಎಂದೆ. "ಇವತ್ತ್ ಚತುರ್ದಶಿ ಅಲ್ಲ. ದ್ವಾದಶಿ. ನಂಗೆ ಆಗ್ಳೇ ಗೊತ್ತಾಯಿತ್. ನಾ ಹೇಳ್ಲಿಲ್ಲೆ."

ಸುಧಾಕರ್ ಬೆಂಕಿ ಊದುವುದನ್ನು ನಿಲ್ಲಿಸಿದರು. ಅಮ್ಮ ನನ್ನ ಕಡೆಗೆ ತಿರುಗಿದಳು.

"ಕಾಲಿಗೆ ನೀರ್ ತಿರ್ಗಿದ್ದ್ ನಂಗೆ ಗೊತ್ತಾಯಿತ್," ಎಂದಳು. "ಮೂರ್ ಗಂಟಿ ಹೊತ್ತಿಗೇ ಗೊತ್ತಾಯಿತ್. ಆರೆ ಓದಿದ ಮಗಳ್ ಹೇಳಿದ್ಲಲೆ, ನನ್ನ ಕಾಲಿಗೇ ಎಂತದೋ ಆಯ್ತ್ ಅಂದ್ಹೇಳಿ ನಿಂತ್ಕಂಡೆ."

ಇದಕ್ಕಿಂತ ಅವಳು ನನ್ನ ಕೆನ್ನೆಗೆ ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ಐವತ್ತು ವರ್ಷ ಆ ಹೊಳೆಯಲ್ಲಿ ನಿಂತ ಕಾಲುಗಳನ್ನು ಅವಳು ನನ್ನ ಒಂದು ಮಾತಿನ ಮುಂದೆ ಸುಳ್ಳೆಂದು ತಿಳಿದಿದ್ದಳು. ನಾನೋ, ಕಾವಲಿಯ ಮೇಲಿನ ದೋಸೆ ಸೀಯಬಾರದೆಂದು ಅರೆಗಣ್ಣಿನಲ್ಲಿ ಆ ಮಾತನ್ನು ಆಡಿದ್ದೆ.

ಅವಳು ಒದ್ದೆ ಸೆರಗನ್ನು ಹಿಂಡಿದಳು. "ಹದಿನೈದ್ ವರ್ಷ ಶಾಲಿಗೆ ಹೋಯ್ದೆ. ಹನ್ನೆರಡ್ ಯಾವ್ದ್, ಹದ್ನಾಲ್ಕ್ ಯಾವ್ದ್ ಅಂದ್ಹೇಳಿ ಹೇಳ್ಕೊಡ್ಲಿಲ್ಯಾ ಅಲ್ಲಿ?"

ಸುಧಾಕರ್ ನಕ್ಕರು. ಅನ್ವಿಗೆ ಅರ್ಥವಾಗದಿದ್ದರೂ ನಕ್ಕಳು. ನನಗೆ ಅಳು ಬಂದಿತು. ಅಮ್ಮ ಬೆಂದ ಮರುವಾಯಿಯೊಂದನ್ನು ಬಿಡಿಸಿ, ಊದಿ, ನನ್ನ ಎಲೆಯ ಬದಿಗೆ ಇಟ್ಟಳು. ಅದರಲ್ಲಿ ಮರಳಿತ್ತು. ಹಲ್ಲಿಗೆ ಸಿಕ್ಕರೂ ಉಗುಳದೆ ನುಂಗಿದೆ.

ಆಮೇಲೆ ನಮ್ಮ ಕುಟುಂಬದಲ್ಲಿ ಆದ ಬದಲಾವಣೆಯನ್ನು ನೇರವಾಗಿ ಹೇಳಿ ಮುಗಿಸುತ್ತೇನೆ. ಸುಧಾಕರ್ ಮತ್ತು ಅನ್ವಿ ಈಜು ಕಲಿತರು. ನಾನು ಎರಡು ದಿನ ಹೋಗಿ ಬಿಟ್ಟೆ. ಅಮ್ಮ ನನ್ನ ಮಾತನ್ನು ಹಾಗೆಯೇ ನುಂಗುವುದನ್ನು ನಿಲ್ಲಿಸಿದಳು. ಮಾತ್ರೆಯ ಹೆಸರನ್ನು ನಾನು ಓದಿ ಹೇಳಿದ ಮೇಲೆ ಔಷಧಿ ಅಂಗಡಿಯವರನ್ನೂ ಒಮ್ಮೆ ಕೇಳುತ್ತಾಳೆ. ನಾನು ಹೇಳಿದ ಬಸ್ಸನ್ನು ಕಂಡಕ್ಟರನನ್ನು ವಿಚಾರಿಸಿಯೇ ಹತ್ತುತ್ತಾಳೆ. ಮೊದಮೊದಲು ಇದರಿಂದ ನನಗೆ ನೋವಾಗುತ್ತಿತ್ತು. ಈಗ ಆಗುವುದಿಲ್ಲ, ರಾತ್ರಿ ನಿದ್ರೆ ಮೊದಲಿಗಿಂತ ಚೆನ್ನಾಗಿ ಬರುತ್ತದೆ. ಹೊಳೆಗೆ ಹೋಗುವುದನ್ನು ಅವಳು ಬಿಡಲಿಲ್ಲ, ಮೊಮ್ಮಗಳನ್ನು ಕರೆದೊಯ್ಯುವುದನ್ನೂ ಬಿಡಲಿಲ್ಲ. ಹೋಗುವ ದಿನ, ಹೊತ್ತು ಎರಡನ್ನೂ ತಾನೇ ಗೊತ್ತುಮಾಡಿ ಹಿಂದಿನ ದಿನ ನ‌ಮಗೆ ತಿಳಿಸುತ್ತಾಳೆ. ನಾನು ದಡದಲ್ಲಿ ಕುಳಿತು ಹೆದರುತ್ತಿರುತ್ತೇನೆ. ಕಾಲಿಗೆ ನೀರು ತಿರುಗಿದ್ದು ತಿಳಿದ ಕೂಡಲೇ, ಯಾರು ಏನೇ ಹೇಳಿರಲಿ, ಅವಳು ಮಗುವಿನ ಕೈ ಹಿಡಿದು ಮೇಲೆ ಬರುತ್ತಾಳೆ.